ಸರ್ವಿಸ್ ರಸ್ತೆಯ ಬಾಯಲ್ಲಿ ಕಂಡ ಕೈ

ನನ್ನ ಲಾರಿಗೆ ಹೊಸ ಡ್ರೈವರ್ ಬಂದರೆ ಅವನ ಲೈಸೆನ್ಸ್ ನೋಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಹೈವೇಯಲ್ಲಿ ಫುಲ್ ಲೋಡಿನಲ್ಲಿ ಹೋಗುತ್ತಿದ್ದೀಯ, ಎಡಗಡೆಯ ಸರ್ವಿಸ್ ರಸ್ತೆಯಿಂದ ಒಂದು ಗಾಡಿ ಮೇಲೆ ಬರುತ್ತಿದೆ, ಏನು ಮಾಡುತ್ತೀಯ? ಹೆಚ್ಚಿನವರು "ಹಾರನ್ ಹೊಡಿತೀನಿ ಸಾರ್" ಎನ್ನುತ್ತಾರೆ. ಎಲ್ಲೋ ಒಬ್ಬ "ದಾರಿ ನಮ್ದಲ್ವಾ ಸಾರ್, ಅವನೇ ನಿಲ್ಲಿಸ್ಬೇಕು" ಎನ್ನುತ್ತಾನೆ. ಅವನು ಕಾನೂನು ತಿಳಿದವನು. ಅವನನ್ನು ಕಂಡರೆ ನನಗೆ ಹೆಚ್ಚು ಭಯ.

ಸರಿಯಾದ ಉತ್ತರ ಚಿಕ್ಕದು. ಮುಂದೆ ರಸ್ತೆ ಸೇರುತ್ತದೆ ಎಂಬ ಬೋರ್ಡ್ ಕಂಡಾಗಲೇ, ಅಂದರೆ ಗಾಡಿ ಕಾಣುವ ಮೊದಲೇ, ಬಲಗಡೆ ಕನ್ನಡಿ ನೋಡಬೇಕು. ಬಲಗಡೆಯ ಟ್ರ್ಯಾಕ್ ಖಾಲಿ ಇದ್ದರೆ ಇಂಡಿಕೇಟರ್ ಹಾಕಿ ನಿಧಾನಕ್ಕೆ ಅತ್ತ ಸರಿಯಬೇಕು, ಆ ಜಾಗ ದಾಟಿದ ಮೇಲೆ ಮತ್ತೆ ಎಡಕ್ಕೆ ಬರಬೇಕು. ಖಾಲಿ ಇಲ್ಲವೋ, ಆಕ್ಸಿಲೇಟರಿನಿಂದ ಕಾಲು ತೆಗೆಯಬೇಕು. ಮುಂಚೆಯೇ ತೆಗೆದರೆ ಬ್ರೇಕಿನ ಕೆಲಸ ಬರುವುದಿಲ್ಲ. ಪಕ್ಕದಿಂದ ಬರುವವನಿಗೆ ಒಂದು ಗಾಡಿಯಷ್ಟು ಸಂದು ತಾನೇ ತೆರೆದುಕೊಳ್ಳುತ್ತದೆ. ದಿಢೀರನೆ ನಿಲ್ಲಿಸಲು ಹೋಗಬಾರದು, ಹಿಂದಿನವನು ನಿಮ್ಮ ಬೆನ್ನಿಗೆ ಬಂದು ಕೂರುತ್ತಾನೆ. ಹಾರನ್ ಕೊನೆಯ ಮಾತು. ಹಾರನ್ ಒತ್ತಿದವನಿಗೆ ತಾನು ಏನೋ ಮಾಡಿದೆ ಅನ್ನಿಸುತ್ತದೆ. ಏನೂ ಮಾಡಿರುವುದಿಲ್ಲ.

ನಾನು ಇಷ್ಟು ಹೇಳಿದರೆ ಅವರು ತಲೆಯಾಡಿಸುತ್ತಾರೆ. ಮಾಲೀಕ ಡೀಸೆಲ್ ಉಳಿಸಲು ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಇದನ್ನು ಎಲ್ಲಿ ಕಲಿತಿರಿ ಎಂದು ಈವರೆಗೆ ಒಬ್ಬನೂ ಕೇಳಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ನನಗೆ ಲಾರಿ ಕಲಿಸಿದವನು ಹೊಸಬಾಳೆ ಎಂಬ ಊರಿನವನು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವನು. ಒಡಹುಟ್ಟಿದವನಲ್ಲ, ಆದರೂ ಅಣ್ಣ ಎಂದೇ ಕರೆದು ಅಭ್ಯಾಸ, ಇಲ್ಲೂ ಹಾಗೆಯೇ ಬರೆಯುತ್ತೇನೆ. ಆಗ ನಾನು ಶಿಕಾರಿಪುರದ ಮಾರುಕಟ್ಟೆಯಲ್ಲಿ ಹಮಾಲಿ. ಅಂಜನಾಪುರ ಕಾಲುವೆಯ ಕೊನೆಯಲ್ಲಿ ನಮ್ಮ ಮನೆಯವರಿಗೆ ಇದ್ದ ಗದ್ದೆ ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ನಿಲ್ಲಲು ಜಾಗ ಸಾಲದು, ಅಷ್ಟೇ ಇತ್ತು. ನನ್ನ ಪಾಲನ್ನು ತಮ್ಮನಿಗೆ ಬಿಟ್ಟು ಮೂಟೆ ಹೊರಲು ಬಂದಿದ್ದೆ. ಅಣ್ಣ ಯಾರದೋ ಲಾರಿ ಓಡಿಸುತ್ತಿದ್ದ. ಭತ್ತ ತುಂಬುವಾಗ ನಾನು ಮೂಟೆಗಳನ್ನು ಹಿಂದೆ ಮುಂದೆ ಸಮ ತೂಗುವ ಹಾಗೆ ಇಡುವುದನ್ನು ನೋಡಿದ್ದನಂತೆ. ಒಂದು ದಿನ ಕರೆದ.

"ಲೇ, ಬಾ ಇಲ್ಲಿ. ಬೆನ್ನಿನ ಮೇಲೆ ಹೊರದು ಸಾಕು ಮಾರಾಯ. ಚಕ್ರದ ಮೇಲೆ ಹೊರದು ಕಲಿ."

ಹಾಗೆ ಕಲಿತೆ. ಶಿರಾಳಕೊಪ್ಪ, ಆನವಟ್ಟಿ, ಸೊರಬ, ಮತ್ತೆ ತಿರುಗಿ ಶಿಕಾರಿಪುರ. ಅಣ್ಣ ಕಲಿಸಿದ ಗೇರು, ಕ್ಲಚ್ಚು ಯಾರು ಬೇಕಾದರೂ ಕಲಿಸಬಹುದಿತ್ತು. ಅವನು ಕಲಿಸಿದ ನಿಜವಾದ ವಿದ್ಯೆ ಕೈಯದು. ಗದ್ದೆಯ ದಾರಿಯಿಂದ ತುಂಬಿದ ಲಾರಿ ಡಾಂಬರು ರಸ್ತೆಗೆ ಏರಬೇಕು. ಏರಿನಲ್ಲಿ ನಿಲ್ಲಿಸಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಏರಿನ ಬುಡದಲ್ಲೇ ನಿಂತು, ಕಿಟಕಿಯಿಂದ ಬಲಗೈಯನ್ನು ಮೊಣಕೈ ದಾಟುವವರೆಗೆ ಹೊರಗೆ ಹಾಕಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಎರಡು ಸಲ ಒತ್ತುವುದು. ರಸ್ತೆಯಲ್ಲಿ ಬರುತ್ತಿರುವವನು ಬಸ್ಸಿನವನಿರಲಿ, ಜೀಪಿನವನಿರಲಿ, ನಿಲ್ಲಿಸುತ್ತಾನೆ. ಕೈ ಒಡ್ಡಿದವನು ಹಿಂದೆ ಮುಂದೆ ನೋಡದೆ ಏರುತ್ತಾನೆ. ನಮ್ಮ ಕಡೆ ಗಾಡಿಗಳೆಲ್ಲ ಗುರುತಿನವು. ಕೈ ಕಂಡೂ ನಿಲ್ಲಿಸದವನನ್ನು ಸಂಜೆ ಚಹದ ಅಂಗಡಿಯಲ್ಲಿ ಹಿಡಿದು ಕೇಳುತ್ತಿದ್ದರು.

"ಏನಪಾ, ನಮ್ಮ ಕೈ ಅಂದ್ರೆ ಜೋಳದ ದಂಟು ಅಂದ್ಕಂಡ್ಯೇನು?"

ಅಂಥ ಮಾತು ಕೇಳಿಸಿಕೊಂಡವನು ಒಂದು ವಾರ ಆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಅಣ್ಣ ಮೂವತ್ತು ವರ್ಷ ಈ ಕೈಯ ಮೇಲೆ ಗಾಡಿ ಓಡಿಸಿದ. ಒಂದು ಕೇಸಿಲ್ಲ, ಒಂದು ಕೋಳಿ ಸತ್ತಿಲ್ಲ. ಅವನಿಗೆ ಸ್ವಂತದ್ದು ಅಂತ ಇದ್ದ ಹೆಮ್ಮೆ ಅದೊಂದೇ. ಮನೆಗೆ ಯಾರೇ ಬರಲಿ, ಪಾಕೀಟಿನಿಂದ ಲೈಸೆನ್ಸ್ ತೆಗೆದು ತೋರಿಸಿ ಮತ್ತೆ ಒಳಗಿಡುತ್ತಿದ್ದ.

ನಾನು ಬೇರೆ ಥರದ ಮನುಷ್ಯ. ಎಲ್ಲಿ ಎಷ್ಟು ಎಳೆಯಬಹುದು, ಎಲ್ಲಿ ಬಿಡಬೇಕು ಎಂಬುದು ನನಗೆ ಮೂಟೆ ಹೊರುವಾಗಲೇ ಗೊತ್ತಾಗಿತ್ತು. ಹಳೇ ಲಾರಿ ಒಂದನ್ನು ಮಾಲೀಕನಿಗೆ ಬೇಸರ ಬರುವವರೆಗೆ ಚೌಕಾಸಿ ಮಾಡಿ ಹಿಡಿದೆ, ಅದರಿಂದ ಇನ್ನೊಂದು ಮಾಡಿದೆ. ಚೌಕಾಸಿಯ ಮೊದಲ ಪಾಠ: ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಸೋತರು. ಸುಮ್ಮನೆ ಕೂತು ಎದುರಿನವನ ಮುಖ ನೋಡುತ್ತಿರಬೇಕು. ಈ ಪಾಠ ನನ್ನನ್ನು ಬೆಳೆಸಿತು. ಇದೇ ಪಾಠ ಮುಂದೆ ಏನು ಮಾಡಿತು ಎನ್ನುವುದನ್ನು ಹೇಳಲು ಕೂತಿದ್ದೇನೆ.

ಅಣ್ಣ ಐವತ್ತೈದು ದಾಟಿದ ಮೇಲೆ ದೊಡ್ಡ ಲಾರಿ ಸಾಕು ಎಂದು ಆನವಟ್ಟಿಯ ಅನಾನಸ್ ವ್ಯಾಪಾರಿಯೊಬ್ಬರ ಪಿಕಪ್ ಹಿಡಿದ. ಹಾನಗಲ್ಲಿನ ಮೇಲೆ ಹಾವೇರಿಗೆ ಹೋಗಿ, ಅಲ್ಲಿ ಹೈವೇ ಏರಿ, ಹುಬ್ಬಳ್ಳಿಗೆ ಹಣ್ಣು ಮುಟ್ಟಿಸುವ ಕೆಲಸ. ಅಷ್ಟು ವರ್ಷ ಹೈವೇಯ ಸಹವಾಸವೇ ಇರದಿದ್ದವನು. ಆನವಟ್ಟಿಯ ಚಹದ ಅಂಗಡಿಯಲ್ಲಿ ಸಿಕ್ಕಾಗ ನಾನು, ಕೇಳದಿದ್ದರೂ ಬುದ್ಧಿ ಹೇಳುವ ನನ್ನ ಚಾಳಿಯಂತೆ, ಶುರು ಮಾಡಿದೆ.

"ಅಣ್ಣಾ, ಅಲ್ಲಿ ಹೈವೇ ಸೇರೋ ಕಡೆ ಬಾಯಿಗೆ ಹೋಗಿ ನಿಲ್ಲಿಸ್ಬ್ಯಾಡ. ನಿಂತಲ್ಲಿಂದ ಏರಿದ್ರೆ ನಿನ್ನ ಗಾಡಿ ನಡ್ಕಂಡು ಹೋದಂಗೆ ಇರ್ತತಿ, ಅವ್ರು ಹಾರ್ಕಂಡು ಬರ್ತಿರ್ತಾರೆ. ಪಕ್ಕದ ದಾರಿ ಉದ್ದಕ್ಕೂ ಸ್ಪೀಡ್ ತಗಂಡು, ಕನ್ನಡಿ ನೋಡಿ, ಸಂದು ಹುಡುಕಿ, ಅವ್ರ ಓಟಕ್ಕೆ ಸಮ ಓಡ್ತಾ ಸೇರ್ಕೋಬೇಕು."

ಅಣ್ಣ ಬಸಿಯಲ್ಲಿ ಚಹ ಆರಿಸಿಕೊಳ್ಳುತ್ತಿದ್ದವನು ನಕ್ಕ.

"ಓಡ್ತಾ ಓಡ್ತಾ ಬೀಗರ ಮನೆ ಒಳಗೆ ನುಗ್ಗದಾ? ಎಂತ ಮಾತು ಮಾರಾಯ! ಬಾಗ್ಲಲ್ಲಿ ನಿಂತು, ಒಳಗಿದ್ದೋರಿಗೆ ಒಂದು ಕೈ ತೋರ್ಸಿ, ಆಮೇಲೆ ಹೋಗದು."

ಅಂಗಡಿಯವರೂ ನಕ್ಕರು. "ನಿಮ್ಮ ಶಿಷ್ಯರು ಈಗ ಓನರ್ ಆಗ್ಯಾರ್ರೀ, ನಿಮಗೇ ಪಾಠ ಮಾಡ್ತಾರೆ" ಎಂದು ಒಬ್ಬ ಕುಟುಕಿದ.

"ಅಲ್ಲಿ ಯಾರೂ ಕೈ ನೋಡಲ್ಲ ಅಣ್ಣಾ" ಎಂದೆ.

"ನೋಡ್ತಾರೆ ತಗ. ಅವ್ರೂ ಡ್ರೈವರ್ರೇ ಅಲ್ಲನಾ? ಕೈ ಕಂಡ್ಮೇಲೆ ಬಿಟ್ಕಂಡು ಬರಕೆ ಅವ್ರೇನು ರಾಕ್ಷಸರಾ?"

ನನಗೆ ಆವತ್ತು ಮೈ ಉರಿಯಿತು. ನಾನು ಒಳ್ಳೆಯದಕ್ಕೆ ಹೇಳಿದ್ದು. ಜನರೆದುರು ನಗೆ ನನ್ನ ಪಾಲಿಗೆ ಬಂತು. ಇಷ್ಟು ಸಣ್ಣದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇಟ್ಟುಕೊಂಡಿದ್ದು ನಿಜ.

ಇದಾಗಿ ಎರಡು ಮೂರು ತಿಂಗಳಿರಬೇಕು. ನನ್ನ ಡ್ರೈವರ್ ತಂಗಿಯ ಮದುವೆಗೆಂದು ರಜೆ ಹಾಕಿದ್ದ. ಮೆಕ್ಕೆಜೋಳದ ಲೋಡು ಹುಬ್ಬಳ್ಳಿ ಕಡೆಗಿತ್ತು, ನಾನೇ ಸ್ಟೇರಿಂಗ್ ಹಿಡಿದೆ. ಒಬ್ಬನೇ. ರಾಣೆಬೆನ್ನೂರಿನಲ್ಲಿ ಹೈವೇ ಹತ್ತಿ ಹಾವೇರಿ ದಾಟಿದ್ದೆ. ಬೆಳಗಿನ ಒಂಬತ್ತೂವರೆ ಇರಬಹುದು, ಬಿಸಿಲು ನನ್ನ ಬೆನ್ನ ಕಡೆ. ಎಲ್ಲವೂ ಚೊಕ್ಕಟವಾಗಿ ಕಾಣುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಮುಂದೆ ಎಡಗಡೆ, ಸರ್ವಿಸ್ ರಸ್ತೆ ಹೈವೇಗೆ ಸೇರುವ ಬಾಯಲ್ಲಿ, ಒಂದು ಪಿಕಪ್ ನಿಂತಿತ್ತು. ಮೇಲೆ ನೀಲಿ ತಾಡಪಾಲು, ಅದರ ಅಂಚಿನಿಂದ ಅನಾನಸ್ಸಿನ ಜುಟ್ಟುಗಳು ಇಣುಕುತ್ತಿದ್ದವು. ಚಾಲಕನ ಕಿಟಕಿಯಿಂದ ಒಂದು ಕೈ ಹೊರಬಂತು. ಮೊಣಕೈ ದಾಟುವವರೆಗೆ. ಅಂಗೈ ಕೆಳಗೆ. ಗಾಳಿಯನ್ನು ಎರಡು ಸಲ ಒತ್ತಿತು.

ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಕೈ ಕಂಡಿತು. ಆ ಕೈ ಯಾರದೆಂದು ನನ್ನನ್ನು ಕೇಳಬೇಕಿಲ್ಲ, ಅದರ ಕೆಳಗೆ ಕೂತೇ ನಾನು ಈ ಕಸುಬು ಕಲಿತದ್ದು.

ಬಲಗಡೆ ಕನ್ನಡಿ ನೋಡಿದೆ. ಟ್ರ್ಯಾಕ್ ಖಾಲಿ ಇತ್ತು. ಬಲಕ್ಕೆ ಸರಿದಿದ್ದರೆ ಮುಗಿಯುತ್ತಿತ್ತು. ಕಾಲು ತೆಗೆದಿದ್ದರೂ ಮುಗಿಯುತ್ತಿತ್ತು. ಎರಡಕ್ಕೂ ಸಮಯವಿತ್ತು, ಜಾಗವಿತ್ತು. ನಾನು ಮಾಡಲಿಲ್ಲ. ಅಣ್ಣನಿಗೆ ಒಂದು ಸಲ ಗೊತ್ತಾಗಲಿ, ಇಲ್ಲಿ ಯಾರೂ ಕೈ ನೋಡಿ ನಿಲ್ಲಿಸುವುದಿಲ್ಲ ಎನ್ನುವುದು ತಿಳಿಯಲಿ, ಹೆದರಿ ಕೈ ಒಳಗೆ ಎಳೆದುಕೊಳ್ಳಲಿ ಅನ್ನಿಸಿತು. ಹಾರನ್ ಒತ್ತಿ ಹಿಡಿದೆ. ಮೊದಲು ಅವನು ಬಿಡಲಿ ಎಂದು ಕಾದೆ, ವ್ಯಾಪಾರಕ್ಕೆ ಕೂತವನ ಹಾಗೆ.

ಅಣ್ಣ ಬಿಡಲಿಲ್ಲ. ಅವನು ಚೌಕಾಸಿ ಮಾಡುತ್ತಿರಲಿಲ್ಲ, ಏರುತ್ತಿದ್ದ ಅಷ್ಟೆ. ಕೈ ತೋರಿಸಿಯಾಗಿತ್ತು, ಇನ್ನು ನೋಡುವುದೇನಿದೆ? ಪಿಕಪ್ ನನ್ನ ಟ್ರ್ಯಾಕಿಗೆ ನಡೆಯುವ ವೇಗದಲ್ಲಿ ಬಂತು. ನಾನು ಬ್ರೇಕಿನ ಮೇಲೆ ನಿಂತೆ. ಅಷ್ಟು ಜೋಳ ಹೊತ್ತ ಲಾರಿ ಮಾತು ಕೇಳುತ್ತದೆಯೇ? ಬಂಪರಿನ ಎಡಮೂಲೆ ಪಿಕಪ್ಪಿನ ಹಿಂಭಾಗಕ್ಕೆ ಬಡಿಯಿತು. ಅದು ಗಿರ್ರನೆ ತಿರುಗಿ ಎಡಕ್ಕೆ ವಾಲಿ ಮಣ್ಣಿನ ದಿಬ್ಬಕ್ಕೆ ಒರಗಿಕೊಂಡಿತು. ಹಣ್ಣೆಲ್ಲ ರಸ್ತೆಯ ಮೇಲೆ. ಅಣ್ಣನ ಜೀವಕ್ಕೆ ಏನೂ ಆಗಲಿಲ್ಲ. ಹೊರಗಿದ್ದ ಕೈ ಕಿಟಕಿಯ ಚೌಕಟ್ಟಿಗೆ ಸಿಕ್ಕಿ ಮೊಣಕೈಯಲ್ಲಿ ಮುರಿದಿತ್ತು.

ನಾನೇ ಎಳೆದು ಹೊರತೆಗೆದೆ. ನನ್ನ ಮುಖ ನೋಡಿ ಅವನು ಮೊದಲು ಹೇಳಿದ ಮಾತು: "ಅಯ್ಯೋ, ನೀನಾ ಮಾರಾಯ? ನಿನಗೆ ಪೆಟ್ಟಾಗ್ಲಿಲ್ಲಲ್ಲ?"

ಪೊಲೀಸರು ಬಂದರು, ಅಳತೆ ಹಿಡಿದರು, ಫೋಟೋ ತೆಗೆದರು. ಯಾರಾದರೊಬ್ಬರ ಮೇಲೆ ಕೇಸು ನಿಲ್ಲಲೇಬೇಕಿತ್ತು. ಮರುದಿನ ನಾನು ಆಸ್ಪತ್ರೆಗೆ ಹೋದೆ. ಹೋಗುವ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಪಕ್ಕದಿಂದ ಸೇರುವವನು ಮುಖ್ಯ ರಸ್ತೆಯವನಿಗೆ ದಾರಿ ಬಿಡಬೇಕು, ಇದು ಕಾನೂನು. ನನ್ನ ಮೇಲೆ ಕೇಸಾದರೆ ಲಾರಿ ಠಾಣೆಯ ಎದುರು ಬಿಸಿಲಿಗೆ ಒಣಗುತ್ತದೆ. ಅಣ್ಣ ತಪ್ಪು ತನ್ನದೆಂದು ಹೇಳಿಕೆ ಕೊಟ್ಟರೆ ಪಿಕಪ್ ರಿಪೇರಿಯೂ ಆಸ್ಪತ್ರೆಯ ಖರ್ಚೂ ನನ್ನವು. ನನ್ನ ಲಾರಿಯ ಡ್ಯಾಮೇಜಿಗೆ ಯಾರನ್ನೂ ಕೇಳುವುದಿಲ್ಲ. ಇದನ್ನೆಲ್ಲ ಮೃದುವಾಗಿ, ತಮ್ಮನ ಧ್ವನಿಯಲ್ಲಿ ಹೇಳಿದೆ. ನನಗೆ ಬೇಕಾದ ಧ್ವನಿ ಬೇಕಾದಾಗ ಬರುತ್ತದೆ.

ಅತ್ತಿಗೆ ಹಾಸಿಗೆಯ ಕಾಲ್ದೆಸೆಯಲ್ಲಿ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಇವ್ರ ಕೈ ನಿಮಗೆ ಕಂಡಿರ್ಲಿಲ್ಲೇನ್ರೀ?"

"ಇಲ್ಲ ಅತ್ತಿಗೆ. ಎದುರು ಬಿಸಿಲಿತ್ತು. ಕಣ್ಣು ಕುಕ್ತಿತ್ತು" ಎಂದೆ.

ಅವರು ಏನೋ ಹೇಳಲು ಬಾಯಿ ತೆರೆದರು. ಅಣ್ಣನೇ ತಡೆದ.

"ಸುಮ್ನಿರೆ. ಕಂಡಿದ್ರೆ ನಿಲ್ಲಿಸ್ತಿದ್ದ. ನಾನು ಕಲ್ಸಿದ್ದು ಅವನಿಗೆ."

ಸಹಿ ಮಾಡುವ ಕೈ ಪ್ಲಾಸ್ಟರಿನಲ್ಲಿತ್ತು. ಎಡಗೈ ಹೆಬ್ಬೆಟ್ಟು ಒತ್ತಿದ. "ಏಳನೇ ಕ್ಲಾಸು ಪಾಸಾದೋನ್ನ ಹೆಬ್ಬೆಟ್ಟು ಮಾಡ್ಬಿಟ್ರಲ್ಲ ಮಾರಾಯ" ಎಂದು ಹೇಳಿಕೆ ಬರೆದುಕೊಂಡ ಪೊಲೀಸಿನವನೊಂದಿಗೆ ತಮಾಷೆ ಮಾಡಿದ. ಹೇಳಿಕೆಯ ಸಾಲುಗಳನ್ನು ನಾನು ಮೊದಲೇ ಕೂತು ಯೋಚಿಸಿ ಅಣ್ಣನಿಗೆ ಹೇಳಿಕೊಟ್ಟಿದ್ದೆ. ಮುಖ್ಯ ರಸ್ತೆಯಲ್ಲಿ ಬರುವ ವಾಹನಗಳನ್ನು ಗಮನಿಸದೆ, ಅಜಾಗರೂಕತೆಯಿಂದ ಎಂಬ ಮಾತುಗಳೆಲ್ಲ ಇದ್ದವು. ಎಲ್ಲೂ ಒಂದು ಎಳೆ ಸಡಿಲ ಬಿಟ್ಟಿರಲಿಲ್ಲ. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ವ್ಯಾಪಾರ ಕುದುರಿಸಿಲ್ಲ. ಹೊರಗೆ ಬಂದು ಒಂದು ಚಹ ಕುಡಿದೆ, ರುಚಿಯಾಗಿಯೇ ಇತ್ತು.

ನಾನು ಒಪ್ಪಿಕೊಂಡ ಖರ್ಚನ್ನೆಲ್ಲ ಕೊಟ್ಟೆ, ಅದರಲ್ಲಿ ಮೋಸವಿಲ್ಲ. ಆದರೆ ಅಣ್ಣನ ಲೈಸೆನ್ಸ್ ಅಮಾನತಾಯಿತು. ಅನಾನಸ್ ವ್ಯಾಪಾರಿ ಒಳ್ಳೆಯ ಮಾತಿನಲ್ಲಿಯೇ ಬೀಗದ ಕೈ ಬೇರೆಯವರಿಗೆ ಕೊಟ್ಟರು. ಆರು ತಿಂಗಳು ಅಣ್ಣ ಮನೆಯಲ್ಲಿ ಕೂತ. ಕೈ ಕೂಡಿಕೊಂಡಿತು, ಪೂರ್ತಿ ನೆಟ್ಟಗಾಗಲಿಲ್ಲ, ಆದರೂ ಸ್ಟೇರಿಂಗ್ ತಿರುಗಿಸಲು ಸಾಕಿತ್ತು. ಆನವಟ್ಟಿಯಲ್ಲಿ ಯಾರಾದರೂ ಆ ದಿನದ ಮಾತು ತೆಗೆದರೆ ಅವನು ಬಿಟ್ಟುಕೊಡುತ್ತಿರಲಿಲ್ಲವಂತೆ. "ಅವನಿಗೆ ಕಣ್ಣಿಗೆ ಬಿಸಿಲು ಹೊಡೀತಿತ್ತು ಮಾರಾಯ, ಅವನೆಂತ ಮಾಡ್ತಾನೆ? ಕಂಡಿದ್ರೆ ನಿಲ್ಲಿಸ್ತಿದ್ದ." ಈ ಮಾತು ನನ್ನ ಕಿವಿಗೆ ಬಂದಾಗೆಲ್ಲ ಒಂದು ವಾರ ಆ ಕಡೆಗೆ ಬಾಡಿಗೆ ಒಪ್ಪಿಕೊಳ್ಳುತ್ತಿರಲಿಲ್ಲ.

ಅಮಾನತು ಮುಗಿದ ವಾರವೇ ಅಣ್ಣ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಲೈಸೆನ್ಸ್. ನನ್ನ ಆಫೀಸೆಂದರೆ ಒಂದು ಟೇಬಲ್ಲು, ಎರಡು ಕುರ್ಚಿ. ಕೂತ.

"ನಿನ್ನ ಎರಡ್ನೇ ಗಾಡಿಗೆ ಡ್ರೈವರ್ ನಿಲ್ತಾ ಇಲ್ವಂತೆ. ನಂಗೆ ಕೊಡು. ಬೇರೆ ಯಾರೂ ಕೊಡಲ್ಲ ಅಂತಾರೆ ಮಾರಾಯ, ಕೇಸಾದೋನು ಅಂತಾರೆ. ನಿನಗಾದ್ರೆ ನಾನು ಗೊತ್ತಲ್ಲ."

ಅವನು ಮತ್ತೆ ಡ್ರೈವರ್ ಆಗುತ್ತಾನೋ ಇಲ್ಲವೋ ಎನ್ನುವುದು ಆ ಟೇಬಲ್ಲಿನ ಮೇಲೆ ನನ್ನ ಮುಂದೆ ಇತ್ತು. ಕೊಡಬೇಕೆಂದು ಮನಸ್ಸಿಗೆ ಬಂತು. ಆ ಗಾಡಿಯ ಬಾಡಿಗೆಯೆಲ್ಲ ಹೈವೇಯ ಮೇಲಿನದೇ. ಒಂದು ಮಾತು ಕೇಳಿ ನೋಡೋಣ ಎಂದು ಕೇಳಿದೆ, ಈಗ ಎಲ್ಲರನ್ನೂ ಕೇಳುತ್ತೇನಲ್ಲ, ಆ ಥರದ್ದೇ ಪ್ರಶ್ನೆ.

"ಅಣ್ಣಾ, ಸರ್ವಿಸ್ ರಸ್ತೆಯಿಂದ ಹೈವೇಗೆ ಹೆಂಗೆ ಏರ್ತೀಯ?"

"ಹೆಂಗೆ ಅಂದ್ರೆ? ನಿಂತು, ಕೈ ತೋರ್ಸಿ ಏರದು."

"ಇಷ್ಟಾದ ಮೇಲೂ?"

"ಅವತ್ತಿಂದು ಬಿಸಿಲಿಗೆ ಆಗಿದ್ದು ಮಾರಾಯ. ದಿನಾ ಬಿಸಿಲು ಎದುರಿಗೇ ಇರತ್ತಾ? ಕಂಡಿದ್ರೆ ನೀನು ನಿಲ್ಲಿಸ್ತಿರ್ಲಿಲ್ವಾ?"

ನನ್ನ ಸುಳ್ಳನ್ನೇ ನಂಬಿ ಅವನು ಇನ್ನೊಂದು ಲಾರಿಯ ಕೆಳಗೆ ಹೋಗಲು ತಯಾರಾಗಿ ಕೂತಿದ್ದ. ಎಷ್ಟು ಬಗೆಯಲ್ಲಿ ಹೇಳಿದೆ. ಕೇಳಲಿಲ್ಲ. ಅವನ ಬಳಿ ಉತ್ತರ ಒಂದೇ ಇತ್ತು, ಆ ಉತ್ತರ ಕೊಟ್ಟವನೂ ನಾನೇ. ಚೌಕಾಸಿಯಲ್ಲಿ ಎದುರಿನವನು ಹಟ ಹಿಡಿದಾಗ, ಅದುವರೆಗೆ ತೋರಿಸದೆ ಇಟ್ಟುಕೊಂಡ ಒಂದು ವಸ್ತುವನ್ನು ಮುಂದಿಡಬೇಕಾಗುತ್ತದೆ. ಇಟ್ಟೆ.

"ಕಂಡಿತ್ತು ಅಣ್ಣಾ. ಬಿಸಿಲು ನನ್ನ ಬೆನ್ನಿಗಿತ್ತು. ನಿನ್ನ ಕೈ ಅಂತಾನೂ ಗೊತ್ತಾಗಿತ್ತು. ನಾನೇ ನಿಲ್ಲಿಸ್ಲಿಲ್ಲ. ನಾನೇ ನಿಲ್ಲಿಸ್ಲಿಲ್ಲ ಅಂದ್ಮೇಲೆ ಬೇರೆಯೋರು ನಿಲ್ಲಿಸ್ತಾರೇನು?"

ಇದನ್ನು ಯಾರಾದರೂ ತಪ್ಪೊಪ್ಪಿಗೆ ಎಂದುಕೊಂಡರೆ ಅವರಿಗೆ ನನ್ನ ಪರಿಚಯವಿಲ್ಲ. ಅದು ಕ್ಷಮೆ ಕೇಳುವ ಮಾತಾಗಿರಲಿಲ್ಲ. ವಾದ ಗೆಲ್ಲುವ ಮಾತಾಗಿತ್ತು. ಅವನ ಜೀವ ಉಳಿಯಲಿ ಎಂಬ ಆಸೆಯೂ ಅದರಲ್ಲಿತ್ತು, ಇಲ್ಲವೆನ್ನುವುದಿಲ್ಲ. ಎರಡೂ ಒಂದೇ ಮೂಟೆಯಲ್ಲಿದ್ದವು.

ಅಣ್ಣ ನನ್ನನ್ನು ಬಯ್ಯಲಿಲ್ಲ. ಟೇಬಲ್ಲಿನ ಮೇಲಿದ್ದ ಟ್ರಿಪ್ ಶೀಟನ್ನು ಓದುವವನ ಹಾಗೆ ನೋಡಿದ.

"ನಾನೇ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಸರಿ ಹಾಗಾದ್ರೆ. ಬಸ್ಸಿನ ಹೊತ್ತಾತು" ಎಂದು ಎದ್ದ.

ಅವನ ಬೆನ್ನಿಗೆ ಕೂಗಿದೆ, ಹೈವೇ ಬಿಟ್ಟು ಊರೊಳಗಿನ ಬಾಡಿಗೆಗೆ ಗಾಡಿ ಕೊಡುತ್ತೇನೆ, ಆನವಟ್ಟಿ ಸೊರಬದಲ್ಲೇ ಓಡಿಸು ಎಂದು. ಅವನು ತಿರುಗದೆ, "ಅಲ್ಲೂ ಇನ್ಮೇಲೆ ಆಗಲ್ಲ ತಗ. ಎದುರಿಗೆ ಬರೋನು ಕಂಡು ಬರ್ತಿದಾನೋ, ಕಾಣದೇ ಬರ್ತಿದಾನೋ ಅಂತ ಯೋಚ್ನೆ ಮಾಡ್ತಾ ಗಾಡಿ ಓಡ್ಸಕ್ಕಾಗತ್ತಾ?" ಎಂದ.

ಮಾರನೆಯ ದಿನ ನಾನು ಪರಿಚಯದ ವಕೀಲರೊಬ್ಬರ ಬಳಿ ಹೋಗಿ, ಹೇಳಿಕೆ ಬದಲಿಸಿ ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳಬಹುದೇ ಎಂದು ವಿಚಾರಿಸಿದೆ. ಅವರು ಕಾಗದ ಓದಿ ನಕ್ಕರು. "ಯಾರ್ರೀ ಇದನ್ನ ಹಿಂಗೆ ಬಿಗಿಯಾಗಿ ಬರ್ಸಿದ್ದು? ಬದಲಿಸಬಹುದು. ಆದ್ರೆ ನೀವು ಆರೋಪಿ ಆಗ್ತೀರಿ, ಲಾರಿ ಹೋಗ್ತತಿ, ಸುಳ್ಳು ಹೇಳಿಸಿದ್ದಕ್ಕೆ ಬೇರೆ ಕೇಸು. ಮಾಡೋಣೇನು?" ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಇನ್ನೂ ಯೋಚಿಸುತ್ತಿದ್ದೇನೆ ಎಂದು ಬರೆದರೆ ಅದೂ ಸುಳ್ಳು. ಆವತ್ತು ಅವರ ಮೆಟ್ಟಿಲು ಇಳಿಯುವಷ್ಟರಲ್ಲಿ ಯೋಚನೆ ಮುಗಿದಿತ್ತು.

ಅಣ್ಣ ಈಗ ಗಾಡಿ ಓಡಿಸುವುದಿಲ್ಲ. ಆನವಟ್ಟಿಯಲ್ಲಿ ಅದೇ ವ್ಯಾಪಾರಿಯ ಅನಾನಸ್ ಮಂಡಿಯಲ್ಲಿ ಹಣ್ಣು ಆರಿಸಿ, ದೊಡ್ಡದು ಚಿಕ್ಕದು ಬೇರೆ ಮಾಡಿ ಹಾಕುತ್ತಾನೆ. ಕೂತು ಮಾಡುವ ಕೆಲಸ. ಡ್ರೈವರುಗಳು ಲೋಡಿಗೆ ಬಂದರೆ ಮಾತಾಡಿಸುವುದಿಲ್ಲವಂತೆ. ಹೋದ ತಿಂಗಳು ಅಲ್ಲಿಯ ಚಹದ ಅಂಗಡಿಯವನು ನನಗೆ ಗ್ಲಾಸು ಕೊಡುತ್ತಾ ಕೇಳಿದ:

"ಏನ್ರೀ, ಮೊದ್ಲು ದಿನಕ್ಕೆ ಹತ್ತು ಸಲ ನನ್ನ ಶಿಷ್ಯ ನನ್ನ ಶಿಷ್ಯ ಅಂತಿದ್ರು. ಈಗ ನಿಮ್ಮ ಹೆಸ್ರು ತೆಗೆದ್ರೆ ಎದ್ದು ಹೋಗ್ತಾರಲ್ಲ. ಏನಾತು?"

"ವಯಸ್ಸಾತಲ್ರೀ, ಮರೆವು" ಎಂದೆ.